ಸ್ಪೂಲರ್ ರಿಸ್ಟಾರ್ಟ್ ಮಾಡೋಕೆ ಅಡ್ಮಿನ್ ಪಾಸ್‌ವರ್ಡ್ ಕೊಡಲೇಬೇಕಾ?

ಘಾಟಿಕೆಳಗಿನವ:
ನಾನಿರೋದು ಕುಮಟಾದಲ್ಲಿ. ಶಿರಸಿ ಕಡೆ ಹಳ್ಳಿಯೊಂದರ ಸೊಸೈಟಿ ಕಂಪ್ಯೂಟರ್‌ಗಳನ್ನು ನೋಡ್ಕೋತೇನೆ. ಎಲ್ಲವೂ ವಿಂಡೋಸ್ 10, ಕೌಂಟರ್‌ನಲ್ಲಿ ಕೂರುವವರಿಗೆ ಸಾದಾ ಯೂಸರ್ ಖಾತೆ. ಅಡಿಕೆ ವ್ಯಾಪಾರದ ದಿನವೇ ಬಿಲ್ ಪ್ರಿಂಟ್ ನಡುವೆ ಸಿಕ್ಕಿಕೊಳ್ಳುತ್ತೆ. ಪ್ರಿಂಟ್ ಸ್ಪೂಲರ್ (ಪ್ರಿಂಟ್‌ಗಳನ್ನು ಸಾಲಾಗಿ ಪ್ರಿಂಟರ್‌ಗೆ ಕಳಿಸೋ ಸರ್ವಿಸ್) ನಿಲ್ಲಿಸಿ ಶುರು ಮಾಡಿದರೆ ಸರಿ, ಆದರೆ ಅವರು ಮಾಡಹೋದರೆ 'ಆಕ್ಸೆಸ್ ಡಿನೈಡ್'. ಚಾಲಿ ಮೂಟೆ ತಂದು ನಿಂತವರು ಕೌಂಟರ್ ಹುಡುಗಿಗೆ ಬೈತಾರೆ, ಅವಳು ನನಗೆ ಫೋನ್ ಮಾಡ್ತಾಳೆ. ಮಳೆಗಾಲದಲ್ಲಿ ಅಲ್ಲಿ ನೆಟ್ ನಂಬೋ ಹಾಗಿಲ್ಲ, ಇಲ್ಲಿಂದಲೇ ಮಾಡೋಣ ಅಂದ್ರೂ ಆಗೋದಿಲ್ಲ. ಇಷ್ಟಕ್ಕೆ ದೇವಿಮನೆ ಘಾಟಿ ಹತ್ತಬೇಕಾ ಮಾರಾಯ್ರೆ?

ಎಲ್ಲರನ್ನೂ ಅಡ್ಮಿನ್ ಮಾಡಿಬಿಡಿ ಅಂತ ಸೆಕ್ರೆಟರಿ ಹೇಳ್ತಿದ್ದಾರೆ. ಅದೊಂದು ಬೇಡ. ಸದಸ್ಯರ ಸಾಲದ ಲೆಕ್ಕವೂ ಅದೇ ಮಷೀನ್‌ಗಳಲ್ಲಿದೆ.

ಯಲ್ಲಾಪುರಭಟ್ಟ:
ಬೇಡವೇ ಬೇಡ. ಒಂದು ಅಡಿಕೆ ಕೊನೆ ಇಳಿಸೋಕೆ ತೋಟಾನೇ ಬರೆದುಕೊಟ್ಟಂಗೆ ಆಗುತ್ತೆ.

ವಿಂಡೋಸ್‌ನಲ್ಲಿ ಪ್ರತಿ ಸರ್ವಿಸ್‌ಗೂ, ಅಂದ್ರೆ ಹಿನ್ನೆಲೆಯಲ್ಲಿ ಓಡೋ ಪ್ರೋಗ್ರಾಂಗೂ, ಅದರದೇ ಅನುಮತಿ ಪಟ್ಟಿ ಇರುತ್ತೆ. ಅಡ್ಮಿನ್ ಆಗಿ ಸಿಎಂಡಿ (ಕಮಾಂಡ್ ಪ್ರಾಂಪ್ಟ್) ತೆರೆದು 'ಎಸ್‌ಸಿ ಎಸ್‌ಡಿಶೋ ಸ್ಪೂಲರ್' ಕೊಡಿ, ಉದ್ದದ ಒಂದು ಸಾಲು ಬರುತ್ತೆ. ಮೊದಲು ಅದನ್ನು ನೋಟ್‌ಪ್ಯಾಡ್‌ನಲ್ಲಿ ಉಳಿಸಿಕೊಳ್ಳಿ. ಯಾಕಂದ್ರೆ ವಾಪಸ್ ಬರೆಯುವ 'ಎಸ್‌ಡಿಸೆಟ್' ಇದ್ದದ್ದಕ್ಕೆ ಸೇರಿಸೋದಿಲ್ಲ, ಹಳೇದನ್ನು ಅಳಿಸಿ ನೀವು ಕೊಟ್ಟಷ್ಟನ್ನೇ ಇಡುತ್ತೆ. ನಿಮ್ಮ ತುಂಡು ಮಾತ್ರ ಕೊಟ್ಟರೆ ಅಡ್ಮಿನ್‌ಗೆ ಇದ್ದ ಹಕ್ಕೂ ಹೋಯ್ತು.

ಕೌಂಟರ್‌ನವರದ್ದೊಂದು ಲೋಕಲ್ ಗ್ರೂಪ್ ಮಾಡಿ. ಅವರಲ್ಲೊಬ್ಬರು ಹೊಸದಾಗಿ ಲಾಗಿನ್ ಆಗಿ 'ಹೂಆಮ್‌ಐ /ಗ್ರೂಪ್ಸ್' ಕೊಟ್ಟರೆ ಆ ಗ್ರೂಪ್‌ನ ಎಸ್‌ಐಡಿ (ವಿಂಡೋಸ್ ಅದನ್ನು ಗುರುತಿಸೋ ಸಂಖ್ಯೆ) ಸಿಗುತ್ತೆ. ಆ ಎಸ್‌ಐಡಿಗೆ ಆರ್‌ಪಿ, ಡಬ್ಲ್ಯೂಪಿ, ಎಲ್‌ಸಿ ಇಷ್ಟೇ ಇರುವ ತುಂಡು ಬರೆಯಿರಿ: ಶುರು ಮಾಡೋದು, ನಿಲ್ಲಿಸೋದು, ಸ್ಥಿತಿ ನೋಡೋದು. ಅದನ್ನು ಉಳಿಸಿಟ್ಟ ಸಾಲಿನಲ್ಲಿ 'ಡಿ:' ಅಂತ ಶುರುವಾಗೋ ಭಾಗದ ಕೊನೆಗೆ ಸೇರಿಸಬೇಕು. 'ಎಸ್:' ಅಂತ ಇನ್ನೊಂದು ಭಾಗ ಇದ್ದರೆ ಅದಕ್ಕಿಂತ ಮುಂಚೆ. ಆಮೇಲೆ ಇಡೀ ಸಾಲು ಎಸ್‌ಡಿಸೆಟ್‌ಗೆ.

ಡಿಸಿ ಮಾತ್ರ ಕೊಡಬೇಡಿ. ಅದು ಸರ್ವಿಸ್‌ನ ಸೆಟ್ಟಿಂಗ್ ಬದಲಿಸುವ ಹಕ್ಕು. ಅದಿದ್ದವರು ಸ್ಪೂಲರ್ ಜಾಗದಲ್ಲಿ ಬೇರೆ ಪ್ರೋಗ್ರಾಂ ಕೂರಿಸಬಹುದು, ಅದು ಲೋಕಲ್ ಸಿಸ್ಟಮ್ (ಮಷೀನ್ ಮೇಲೆ ಪೂರ್ತಿ ಹಕ್ಕಿರೋ ವಿಂಡೋಸ್‌ನ ಸ್ವಂತ ಖಾತೆ) ಆಗಿ ಓಡುತ್ತೆ. ಅಡ್ಮಿನ್ ಮಾಡಿದ್ದಕ್ಕೂ ಇದಕ್ಕೂ ವ್ಯತ್ಯಾಸವೇ ಇಲ್ಲ.

ಹಾಂ, ಪವರ್‌ಶೆಲ್‌ನಲ್ಲಿ ಮಾಡಹೋಗಬೇಡಿ. ವಿಂಡೋಸ್ ಜೊತೆ ಬರೋ ಪವರ್‌ಶೆಲ್‌ನಲ್ಲಿ ಬರೀ 'ಎಸ್‌ಸಿ' ಅಂದ್ರೆ ಫೈಲ್ ಬರೆಯೋ ಸೆಟ್-ಕಂಟೆಂಟ್. ಸರ್ವಿಸ್‌ಗೆ ಏನೂ ಆಗಲ್ಲ.

ಕಾರವಾರಬಂದರು:
ಭಟ್ರು ಹೇಳಿದ್ದು ಸರಿ. ಡೊಮೇನ್ (ಎಲ್ಲ ಮಷೀನ್‌ಗಳನ್ನೂ ಒಂದೇ ಕಡೆಯಿಂದ ನಡೆಸೋ ವ್ಯವಸ್ಥೆ) ಇದ್ದಿದ್ದರೆ ಗ್ರೂಪ್ ಪಾಲಿಸಿಯ 'ಸಿಸ್ಟಮ್ ಸರ್ವಿಸಸ್'ನಲ್ಲಿ ಒಂದೇ ಸಲ ಮುಗೀತಿತ್ತು.

ನನ್ನದು ಲಿನಕ್ಸ್. ಹುಡುಗರಿಗೆ ಸುಡೋಅರ್ಸ್‌ನಲ್ಲಿ (ಯಾರು ಯಾವ ಕಮಾಂಡ್ ಅಡ್ಮಿನ್ ಆಗಿ ಓಡಿಸಬಹುದು ಅನ್ನೋ ಪಟ್ಟಿ), ಅಲ್ಲಿನ ಪ್ರಿಂಟ್ ಸರ್ವಿಸ್ ಆದ ಕಪ್ಸ್‌ಗೆ, 'ಸಿಸ್ಟಮ್‌ಸಿಟಿಎಲ್ ರಿಸ್ಟಾರ್ಟ್ ಕಪ್ಸ್' ಅಂತ ಪೂರ್ತಿ ಸಾಲು ಕೊಟ್ಟಿದ್ದೇನೆ, 'ಏನಾದರೂ ಸರಿ' ಅನ್ನೋ ನಕ್ಷತ್ರ ಚಿಹ್ನೆ ಹಾಕಿಲ್ಲ. ಅದರ ಜೊತೆ 'ಸ್ಟೇಟಸ್' ಕೊಡಬೇಡಿ. ಸರ್ವಿಸ್‌ಗಳನ್ನು ನಡೆಸೋ ಸಿಸ್ಟಮ್‌ಡಿ 247ಕ್ಕಿಂತ ಹಳೇದಾದರೆ ಅದು ತೆರೆಯುವ ಪೇಜರ್ (ಪುಟಪುಟವಾಗಿ ತೋರಿಸೋ ಪ್ರೋಗ್ರಾಂ) ಒಳಗಿಂದಲೇ ರೂಟ್ ಶೆಲ್‌ಗೆ, ಅಂದ್ರೆ ಪೂರ್ತಿ ಅಡ್ಮಿನ್ ಹಕ್ಕಿಗೆ, ಹಾರಬಹುದು.

ಘಾಟಿಕೆಳಗಿನವ:
ಭಟ್ರೇ, ಮನೆ ಮಷೀನ್‌ನಲ್ಲಿ ನೋಡಿದೆ, ಸಾದಾ ಖಾತೆಯಿಂದಲೇ ನಿಲ್ಲುತ್ತೆ, ಶುರುವಾಗುತ್ತೆ. ಎರಡು ಸಾಲಿನ ಬ್ಯಾಚ್ ಫೈಲ್ ಮಾಡಿ ಡೆಸ್ಕ್‌ಟಾಪ್‌ಗೆ ಹಾಕಿ, 'ಪ್ರಿಂಟರ್ ಎಬ್ಬಿಸು' ಅಂತ ಹೆಸರಿಟ್ಟೆ. ಆದರೆ ಕೆಟ್ಟ ಫೈಲ್ ಸ್ಪೂಲ್ ಫೋಲ್ಡರ್‌ನಲ್ಲೇ ಉಳಿದರೆ ಮತ್ತೆ ಅಲ್ಲೇ ಸಿಕ್ಕಿಕೊಳ್ಳಲ್ವಾ? ಇನ್ನೊಂದು, ತೂಕದ ಯಂತ್ರದ ಸಾಫ್ಟ್‌ವೇರ್‌ದೂ ಒಂದು ಸರ್ವಿಸ್ ಇದೆ. ಅದಕ್ಕೂ ಇದೇ ಮಾಡಲಾ?

ಯಲ್ಲಾಪುರಭಟ್ಟ:
ಸಿಕ್ಕಿಕೊಳ್ಳುತ್ತೆ. ಸಿಸ್ಟಮ್32 ಒಳಗಿನ 'ಸ್ಪೂಲ್\ಪ್ರಿಂಟರ್ಸ್' ಫೋಲ್ಡರ್‌ಗೆ ಅದೇ ಗ್ರೂಪ್‌ಗೆ ಅಳಿಸುವ ಅನುಮತಿ ಕೊಡಬಹುದು, ಆದರೆ ಒಬ್ಬರ ಪ್ರಿಂಟ್ ಇನ್ನೊಬ್ಬರ ಕೈಗೆ ಸಿಗುತ್ತೆ. ನಾನಾದ್ರೆ ಕೊಡಲ್ಲ, ಅಂಥದ್ದಕ್ಕೆ ಮಾತ್ರ ನೀವೇ ಘಾಟಿ ಹತ್ತಿ.

ತೂಕದ್ದಕ್ಕೆ ಕೈ ಹಾಕೋ ಮೊದಲು ಅದರ ಇಎಕ್ಸ್‌ಇ ಎಲ್ಲಿದೆ ನೋಡಿ. ಇಂಥ ಸಾಫ್ಟ್‌ವೇರನ್ನು ಡಿ ಡ್ರೈವ್‌ನಲ್ಲಿ ಎಲ್ಲರೂ ಬರೆಯಬಹುದಾದ ಫೋಲ್ಡರ್‌ಗೆ ಸುರಿದು ಹೋಗಿರ್ತಾರೆ. ಅಲ್ಲಿದ್ದರೆ ಫೈಲ್ ಬದಲಿಸಿ ಸರ್ವಿಸ್ ರಿಸ್ಟಾರ್ಟ್ ಮಾಡಿದವನೇ ಯಜಮಾನ, ಡಿಸಿ ಹಕ್ಕೂ ಬೇಕಿಲ್ಲ. 'ಐಕ್ಯಾಕಲ್ಸ್' ಕೊಟ್ಟು ಆ ಫೋಲ್ಡರ್‌ನಲ್ಲಿ ಬರೆಯುವ ಹಕ್ಕು ಯಾರಿಗಿದೆ ನೋಡಿ. ಇನ್‌ಸ್ಟಾಲ್ ಮಾಡಿದವರ ಹತ್ತಿರವೇ ಅದನ್ನು ಪ್ರೋಗ್ರಾಂ ಫೈಲ್ಸ್‌ಗೆ ಹಾಕಿಸಿ, ಆಮೇಲೆ ಆರ್‌ಪಿ ಡಬ್ಲ್ಯೂಪಿ ಕೊಡಿ.