ಡ್ರ್ಯಾಗನ್ಸ್ ಲೇರ್: ಸರಿಯಾದ ಕೀನೇ ಒತ್ತಿದ್ರೂ ಡರ್ಕ್ ಯಾಕೆ ಸಾಯ್ತಾನೆ?

ಕೀಲಿಮಣೆ_ಕಿಟ್ಟಿ:

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೈಕೋಬೇಡಿ.

1984ರಲ್ಲಿ ನಡೆಯೋ ಒಂದು ನೆಟ್‌ಫ್ಲಿಕ್ಸ್ ಸೀರೀಸಲ್ಲಿ ಹುಡುಗ್ರೆಲ್ಲ ಮೆಷೀನ್ ಸುತ್ತ ಮುತ್ಕೊಂಡು ಕಾರ್ಟೂನ್ ಥರದ ಗೇಮ್ ಆಡ್ತಾರಲ್ಲ, ಡ್ರ್ಯಾಗನ್ಸ್ ಲೇರ್, ಅದನ್ನ ನೋಡಿದಾಗಿಂದ ನನ್ನ ಮಗಂಗೆ (ಎಂಟನೇ ಕ್ಲಾಸು) ಅದೇ ಬೇಕು ಅಂತ ಹಟ. ಸ್ಟೀಮಲ್ಲಿ (ಆನ್‌ಲೈನ್ ಗೇಮ್ ಅಂಗಡಿ) ಸೇಲ್ ಬಂದಾಗ ತಗೊಂಡೆ. ಲ್ಯಾಪ್‌ಟಾಪಿಂದ ಎಚ್‌ಡಿಎಂಐ ಕೇಬಲ್ ಎಳೆದು ಹಾಲ್‌ನ ದೊಡ್ಡ ಟಿವಿಗೆ ಹಾಕಿ, ವೈರ್‌ಲೆಸ್ ಕೀಬೋರ್ಡ್ ತೊಡೆ ಮೇಲಿಟ್ಕೊಂಡು ಅಪ್ಪ ಮಗ ಸೋಫಾ ಮೇಲೆ ಕೂತ್ವಿ.

ಚಿತ್ರ ಅಂತೂ ಏನ್ ಹೇಳ್ಲಿ, ನಲವತ್ತು ವರ್ಷದ ಹಿಂದಿಂದು ಅಂತ ಅನ್ಸೋದೇ ಇಲ್ಲ. ಆದ್ರೆ ಆಡೋಕೇ ಆಗ್ತಿಲ್ಲ. ಬೆಂಕಿ ಹತ್ಕೊಂಡಿರೋ ಹಗ್ಗ ಹಿಡ್ಕೊಂಡು ಜೀಕೋ ರೂಮ್ ಇದೆಯಲ್ಲ, ಅಲ್ಲಿ ಬಲ, ಬಲ, ಬಲ ಅಷ್ಟೇ ಒತ್ತಬೇಕು, ನೆಟ್ಟಲ್ಲೂ ನೋಡ್ಕೊಂಡೆ. ಹಗ್ಗ ಹತ್ರ ಬಂದ ತಕ್ಷಣ ಒತ್ತಿದ್ರೂ ಗೇಮ್ ಹೀರೋ ಡರ್ಕ್ ಬೆಂಕಿಗೆ ಬೀಳ್ತಾನೆ, ಆಮೇಲೆ ಅಸ್ಥಿಪಂಜರ ಆಗಿ ನಮ್ಮ ಮುಂದೇನೇ ಕಳಚಿ ಬೀಳ್ತಾನೆ, ಮಗ ನನ್ನ ಕಡೆ ಒಂಥರಾ ನೋಡ್ತಾನೆ. ಹದಿನೈದು ಸಲ ಆಯ್ತು. ಲ್ಯಾಪ್‌ಟಾಪ್ ಐ5, 16 ಜಿಬಿ ರ್ಯಾಮ್, ಇದಕ್ಕಿಂತ ಹತ್ತು ಪಟ್ಟು ಭಾರದ ಗೇಮ್‌ಗಳು ಆರಾಮಾಗಿ ಓಡ್ತವೆ.

ಲ್ಯಾಪ್‌ಟಾಪ್ ತೊಂದ್ರೆನಾ, ಗೇಮೇ ಹಾಗಾ, ಇಲ್ಲಾ ನಂಗೇ ವಯಸ್ಸಾಯ್ತಾ? ಆಗಿನ ಮೆಷೀನಲ್ಲಿ ಇದ್ದಂಗೇ ಆಡೋಕೆ ಬೇರೆ ದಾರಿ ಏನಾದ್ರೂ ಇದ್ರೂ ಹೇಳಿ.

ಹುಬ್ಬಳ್ಳಿ_ಗಿರ್ಮಿಟ್:

ನಿಮ್ಮ ವಯಸ್ಸಿಂದೂ ತಪ್ಪಿಲ್ಲ, ಲ್ಯಾಪ್‌ಟಾಪಿಂದೂ ತಪ್ಪಿಲ್ಲ ಸರ. ಅದು ಗೇಮ್ ಅಲ್ರಿ, ಪಿಕ್ಚರ್ ಅದು. ತೊಂಬತ್ತರ ದಶಕದಾಗ ನಮ್ಮ ಮಾಮಾನ ಕಂಪ್ಯೂಟರ್ ಅಂಗಡ್ಯಾಗ ಇದರ ಸಿಡಿ ಇತ್ತು, 486 ಮೆಷೀನ್. ನಾ ಒತ್ತೂದು, ಸಾಯೂದು, ಒತ್ತೂದು, ಸಾಯೂದು. ಮೂರು ದಿನ ಆದಮ್ಯಾಲ ಮಾಮಾ ಬಂದು "ಹಿಂಗ ಸಾಯೂದಕ್ಕ ಕರೆಂಟ್ ಬಿಲ್ ಯಾಕ ಸುಡ್ತೀಲೇ" ಅಂದ. ನೀವು ಏನ ಮಾಡ್ತೀರಿ ಅದರಾಗ? ಅವರು ಬರೆದಿಟ್ಟಿದ್ದನ್ನ ಬಾಯಿಪಾಠ ಮಾಡಿ ಒಪ್ಪಿಸೂದು, ಮಗ್ಗಿ ಹೇಳಿದಂಗ. ಚಿತ್ರ ಚಂದ ಐತಿ, ಇಲ್ಲ ಅನ್ನಂಗಿಲ್ಲ. ಯಾರರ ಪೂರ್ತಿ ಆಡಿದ್ದ ವಿಡಿಯೋ ಯೂಟ್ಯೂಬ್‌ನ್ಯಾಗ ನೋಡ್ರಿ, ಇಪ್ಪತ್ತು ಮಿನಿಟಿನ್ಯಾಗ ಮುಗೀತೈತಿ, ತಲಿನೋವು ಇಲ್ಲ.

ಬೈಟ್_ಭಟ್ಟ:

ಗಿರ್ಮಿಟ್ ಅವ್ರೆ, ಮಗ್ಗಿ ಅಂದಿದ್ದು ಅರ್ಧ ಸರಿ, ಆದ್ರೆ ಈ ಮಗ್ಗೀನ ತಾಳಕ್ಕೆ ಸರಿಯಾಗಿ ಹೇಳಬೇಕು, ಮಜಾ ಇರೋದು ಅಲ್ಲೇ. ಕಿಟ್ಟಿ ಅವ್ರ ತಾಳ ಎಲ್ಲೋ ತಪ್ತಿದೆ ಅನ್ಸತ್ತೆ.

ಒಳಗೆ ಏನ್ ನಡೆಯತ್ತೆ ಗೊತ್ತಾದ್ರೆ ಉಳಿದಿದ್ದು ಸುಲಭ. 1983ರ ಮೂಲ ಮೆಷೀನಲ್ಲಿ ಇದ್ದಿದ್ದು ಒಂದು ಝಡ್80 ಚಿಪ್ಪಿನ ಬೋರ್ಡು, ಪಕ್ಕದಲ್ಲಿ ಪಯೊನೀರ್ ಕಂಪ್ನಿ ಲೇಸರ್‌ಡಿಸ್ಕ್ ಪ್ಲೇಯರ್, ಅಂದ್ರೆ ದೊಡ್ಡ ಡಿಸ್ಕಿಂದ ಸಿನಿಮಾ ಓಡ್ಸೋ ಯಂತ್ರ. ಚಿತ್ರ ಬರೆಯೋದು ಆ ಚಿಪ್ಪಿನ ಕೈಲಿ ಆಗೋ ಕೆಲಸಾನೇ ಅಲ್ಲ. ಡಿಸ್ನಿ ಬಿಟ್ಟು ಬಂದಿದ್ದ ಡಾನ್ ಬ್ಲೂತ್ ಮತ್ತವರ ತಂಡ ಕೈಯಲ್ಲಿ ಬರೆದ ಸುಮಾರು 22 ನಿಮಿಷದ ಅನಿಮೇಶನ್ ಡಿಸ್ಕಲ್ಲಿ ಕೂತಿರತ್ತೆ. ಆ ಥರದ ಡಿಸ್ಕಿನ ಒಂದು ಬದೀಲಿ 54,000 ಫ್ರೇಮು (ಬಿಡಿ ಬಿಡಿ ಚಿತ್ರ), ಪ್ರತಿಯೊಂದಕ್ಕೂ ನಂಬರು. ಚಿಪ್ಪು ಮಾಡೋದು ಇಷ್ಟೇ, "ಇಂಥಾ ನಂಬರಿಂದ ಓಡ್ಸು" ಅಂತ ಪ್ಲೇಯರ್‌ಗೆ ಹೇಳತ್ತೆ, ಆಮೇಲೆ ಇಷ್ಟನೇ ಫ್ರೇಮಿಂದ ಇಷ್ಟನೇ ಫ್ರೇಮಿನ ಒಳಗೆ ಜಾಯ್‌ಸ್ಟಿಕ್ ಬಲಕ್ಕೆ ಹೋಯ್ತಾ ಅಂತ ಕಾಯ್ತಾ ಇರತ್ತೆ. ಹೋದ್ರೆ ಒಂದು ಬೀಪ್, ಚಿತ್ರ ಮುಂದಕ್ಕೆ. ಇಲ್ಲಾಂದ್ರೆ ಸಾಯೋ ಸೀನಿನ ನಂಬರ್‌ಗೆ ಜಂಪ್. ಪರದೆ ಮೇಲೆ ಹಗ್ಗ ಇದ್ಯೋ ಹಾವು ಇದ್ಯೋ ಚಿಪ್ಪಿಗೆ ಗೊತ್ತೇ ಇಲ್ಲ ಪಾಪ.

ಈಗ ನಿಮ್ಮ ಮನೆ ಕಥೆಗೆ ಬನ್ನಿ. ಇವತ್ತಿನ ಟಿವಿ ಬಂದ ಚಿತ್ರಾನ ಹಾಗೇ ತೋರ್ಸಲ್ಲ, ಬಣ್ಣ ತಿದ್ದತ್ತೆ, ನಡುವೆ ಇಲ್ಲದ ಫ್ರೇಮ್ ತಾನೇ ಹುಟ್ಸಿ ಸೇರ್ಸತ್ತೆ, ಆಮೇಲೆ ತೋರ್ಸತ್ತೆ. ಕೆಲವು ಟಿವೀಲಿ ಇದಕ್ಕೇ 100 ಮಿಲಿಸೆಕೆಂಡ್ ಮೇಲೆ ಹೋಗತ್ತೆ. ಸೆಕೆಂಡಿಗೆ 24 ಚಿತ್ರದ ಲೆಕ್ಕದಲ್ಲಿ ಅದು ಎರಡೂವರೆ ಚಿತ್ರ. ಮೇಲೆ ವೈರ್‌ಲೆಸ್ ಕೀಬೋರ್ಡು, ಅದರಲ್ಲೂ ಬ್ಲೂಟೂತ್ ಆದ್ರೆ ಇನ್ನೊಂದಿಷ್ಟು. ಹಗ್ಗ ನಿಮ್ಮ ಕಣ್ಣಿಗೆ ಕಾಣೋ ಹೊತ್ತಿಗೆ ಲ್ಯಾಪ್‌ಟಾಪ್ ಒಳಗೆ ಆ ಹಗ್ಗ ಆಗ್ಲೇ ದಾಟಿ ಹೋಗಿರತ್ತೆ. ಕೋಟೆ ಸೂರೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕ್ದಂಗೆ ಒತ್ತುತಾ ಇದ್ದೀರಿ.

ನಂಬಿಕೆ ಬರ್ಲಿಲ್ಲಾಂದ್ರೆ ಒಂದು ಕೆಲ್ಸ ಮಾಡಿ. ಲ್ಯಾಪ್‌ಟಾಪ್ ಸ್ಕ್ರೀನೂ ಟಿವೀನೂ ಎರಡೂ ಒಂದೇ ಚಿತ್ರ ತೋರ್ಸೋ ಹಾಗೆ ಡುಪ್ಲಿಕೇಟ್ ಮೋಡಲ್ಲಿ ಇಟ್ಟು, ಲ್ಯಾಪ್‌ಟಾಪ್‌ನ ಟಿವಿ ಪಕ್ಕದಲ್ಲೇ ಇಟ್ಟು, ಫೋನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೀರಿ. ಆಮೇಲೆ ಇಲ್ಲಿ ಹೇಳಿ.

ಎರಡು_ಕ್ವಾರ್ಟರ್:

ಈ ಥ್ರೆಡ್ ನೋಡಿ ಲಾಗಿನ್ ಪಾಸ್‌ವರ್ಡ್ ಹುಡುಕಿಕೊಂಡು ಬಂದೆ. ನಾನು ಎಂಎಸ್ ಮಾಡೋಕೆ ಅಂತ ಅಮೆರಿಕಾಗೆ ಬಂದಿದ್ದು 1983ರ ಆಗಸ್ಟು, ಗೇಮ್ ಬಂದಿದ್ದು ಅದೇ ವರ್ಷ ಜೂನಲ್ಲಿ. ಕ್ಯಾಂಪಸ್ ಹತ್ರ ಒಂದು ಆರ್ಕೇಡ್ (ನಾಣ್ಯ ಹಾಕಿ ಗೇಮ್ ಆಡೋ ಜಾಗ) ಇತ್ತು. ಬೇರೆ ಎಲ್ಲಾ ಮೆಷೀನಿಗೂ 25 ಸೆಂಟ್, ಇದಕ್ಕೆ ಮಾತ್ರ 50. ಎರಡು ಕ್ವಾರ್ಟರ್ (25 ಸೆಂಟಿನ ನಾಣ್ಯ) ಹಾಕಿ ನಲವತ್ತು ಸೆಕೆಂಡಲ್ಲಿ ಸತ್ತು, ಮನಸ್ಸಲ್ಲೇ ರೂಪಾಯಿ ಲೆಕ್ಕ ಹಾಕಿ ಹೊಟ್ಟೆ ಉರ್ಕೊಂಡಿದ್ದು ನೆನಪಿದೆ. ಆಮೇಲೆ ಒಂದು ತಿಂಗಳು ನಾನು ಆಡಲೇ ಇಲ್ಲ, ಬೇರೆಯವರು ಆಡೋದು ನಿಂತು ನೋಡ್ತಿದ್ದೆ. ನಾನೊಬ್ಬನೇ ಅಲ್ಲ, ಜನ ಎಷ್ಟು ಸೇರ್ತಿದ್ರು ಅಂದ್ರೆ ಮೆಷೀನ್ ತಲೆ ಮೇಲೆ ಇನ್ನೊಂದು ಟಿವಿ ಇಟ್ಟಿದ್ರು, ಹಿಂದೆ ನಿಂತವ್ರಿಗೂ ಕಾಣ್ಲಿ ಅಂತ. ಒಬ್ಬ ಹುಡುಗ ಪುಟ್ಟ ನೋಟ್‌ಬುಕ್ಕಲ್ಲಿ ಯಾವ ರೂಮಿಗೆ ಯಾವ ಕಡೆ ಅಂತ ಪೆನ್ಸಿಲಲ್ಲಿ ಬರ್ಕೋತಿದ್ದ. ಅವನ ಹಿಂದೆ ನಿಂತು ನಾನೂ ಕದ್ದು ಕಲಿತೆ!

ಗಿರ್ಮಿಟ್ ಅವರಿಗೆ ಒಂದು ಮಾತು. ಬಾಯಿಪಾಠ ಅಂತೀರಿ, ಆದ್ರೆ ಆ ಮೆಷೀನ್ ರೂಮ್‌ಗಳನ್ನ ಒಂದೇ ಕ್ರಮದಲ್ಲಿ ಕೊಡ್ತಿರ್ಲಿಲ್ಲ, ಕಲೆಸಿ ಕೊಡೋದು. ಒಂದು ರೂಮಲ್ಲಿ ಸತ್ರೆ ತಕ್ಷಣ ಅದೇ ರೂಮ್ ಮತ್ತೆ ಬರಲ್ಲ, ಬೇರೆ ಕಡೆ ಎಸೆದು ಆಮೇಲೆ ಯಾವಾಗ್ಲೋ ತಂದು ನಿಲ್ಸೋದು. ಅದಕ್ಕಿಂತ ಪೋಕ್ರಿತನ ಏನಂದ್ರೆ ಕೆಲವು ರೂಮ್‌ಗಳು ಕನ್ನಡಿಲಿ ನೋಡಿದ ಹಾಗೆ ತಿರುಗಿ ಬರ್ತಿದ್ವು, ಎಡ ಬಲ ಆಗಿ ಬಲ ಎಡ ಆಗಿ. ಕೈ ತಾನಾಗೇ ಹಳೇ ಕಡೆಗೇ ಹೋಗಿ ಎರಡು ಕ್ವಾರ್ಟರ್ ನೀರು ಪಾಲು.

ಇನ್ನೊಂದು ವಿಷಯ ಈಗಿನವರಿಗೆ ಗೊತ್ತಿರಲ್ಲ. ಒಂದು ಸೀನ್ ಮುಗಿದು ಇನ್ನೊಂದು ಶುರು ಆಗೋ ಮುಂಚೆ ಪರದೆ ಪೂರ್ತಿ ಕಪ್ಪಾಗೋದು, ಪ್ಲೇಯರ್ ಒಳಗೆ ಲೇಸರ್ ಸರಿದು ಹೋಗಿ ಹೊಸ ಜಾಗ ಹುಡುಕೋವರೆಗೂ. ಎರಡು ಉಸಿರು ಎಳ್ಕೊಳ್ಳೋಷ್ಟು ಹೊತ್ತು ಇರಬಹುದು. ಕಾಲು ಕಾಲು ತೊಡರ್ಕೊಂಡು, ಕೈ ಪ್ಯಾಂಟಿಗೆ ಒರೆಸ್ಕೊಂಡು, ಈಗ ಯಾವ್ದು ಬರತ್ತೋ ಅಂತ ನಿಂತಿರ್ತಿದ್ವಿ. ಹೊಸ ವರ್ಶನಲ್ಲಿ ಮೊಮ್ಮಗಳು ಆಡೋದು ನೋಡಿದೆ, ಆ ಕಪ್ಪು ಇಲ್ಲವೇ ಇಲ್ಲ, ಸರ್ರಂತ ಮುಂದಿನ ಸೀನು. ನಂಗ್ಯಾಕೋ ರುಚಿಸಲಿಲ್ಲ.

ಅದೇ ಪ್ಲೇಯರ್ ದೆಸೆಯಿಂದಾನೇ ಮೆಷೀನ್ ವಾರದಲ್ಲಿ ಎರಡು ದಿನ ಕೆಟ್ಟು ನಿಂತಿರೋದು. ಮನೇಲಿ ಸಿನಿಮಾ ನೋಡೋಕೆ ಮಾಡಿದ ಪ್ಲೇಯರ್‌ನ ಥರ ಮೊದಲಿಂದ ಕೊನೆತನಕ ಓಡೋದಲ್ಲವಲ್ಲ, ದಿನವಿಡೀ ಹಿಂದೆ ಮುಂದೆ ಹಾರ್ತಾನೇ ಇರಬೇಕು, ತಡ್ಕೊಳ್ಳಲ್ಲ. ಔಟ್ ಆಫ್ ಆರ್ಡರ್ ಚೀಟಿ ನೋಡಿದ ದಿನ ದುಡ್ಡು ಉಳೀತು ಅಂತ ಒಳಗೊಳಗೇ ಖುಷಿ ಆಗ್ತಿತ್ತು ಅನ್ನೋದೂ ನಿಜ.

ಕೀಲಿಮಣೆ_ಕಿಟ್ಟಿ:

ಭಟ್ರೇ, ಕಾಲಿಗೆ ಬಿದ್ದೆ. ಸ್ಲೋ ಮೋಷನ್ ತೆಗೆದೆ. ಲ್ಯಾಪ್‌ಟಾಪಲ್ಲಿ ಡರ್ಕ್ ಹಗ್ಗ ಬಿಟ್ಟು ಗಾಳೀಲಿ ಇದ್ದಾನೆ, ಟಿವೀಲಿ ಇನ್ನೂ ಹಗ್ಗ ಹಿಡ್ಕೊಂಡು ಹಿಂದಕ್ಕೆ ಜೀಕ್ತಾ ಇದ್ದಾನೆ! ಇಷ್ಟು ದಿನ ಈ ಟಿವೀಲಿ ಏನೇನ್ ಹಿಂದೆ ಬಿದ್ದಿತ್ತೋ. ಕ್ರಿಕೆಟ್ ನೋಡುವಾಗ ಪಕ್ಕದ ಮನೆಯವ್ರು ನಮಗಿಂತ ಮುಂಚೆ ಕೂಗೋದು ಇದಕ್ಕೇನಾ?

ಅಂಕಲ್, ನಿಮ್ಮ ಕಥೆ ಮಗನಿಗೆ ಓದಿ ಹೇಳಿದೆ, ಅವನೂ ಒಂದು ನೋಟ್‌ಬುಕ್ ತಗೊಂಡಿದ್ದಾನೆ. ಗಣಿತದ್ದು, ಹಿಂದಿನ ಪುಟದಿಂದ ಶುರು.

ಬೈಟ್_ಭಟ್ಟ:

ಕ್ರಿಕೆಟ್ಟಿಂದು ಬೇರೆ, ಅಲ್ಲಿ ಡಿಶ್ಶು, ಕೇಬಲ್ಲು, ಆ್ಯಪು ಒಂದೊಂದಕ್ಕೆ ಒಂದೊಂದು ತಡ ಇರತ್ತೆ, ಟಿವಿ ಪಾಲು ಅದರಲ್ಲಿ ಚಿಕ್ಕದು.

ಈಗ ಟಿವಿ ರಿಮೋಟಲ್ಲಿ ಪಿಕ್ಚರ್ ಸೆಟ್ಟಿಂಗ್‌ಗೆ ಹೋಗಿ ಗೇಮ್ ಮೋಡ್ ಹಾಕಿ. ನಿಮ್ಮ ಟಿವೀಲಿ ಎಚ್‌ಡಿಎಂಐ ಪೋರ್ಟಿನ ಹೆಸ್ರು ಪಿಸಿ ಅಂತ ಬದಲಾಯಿಸೋಕೆ ಆಗತ್ತೆ ಅಂದ್ರೆ ಅದೂ ಮಾಡಿ. ಚಲನೆ ನಯ ಮಾಡೋ ಆಯ್ಕೆ, ಹೆಸ್ರು ಒಂದೊಂದು ಕಂಪ್ನಿದು ಒಂದೊಂದು, ಅದನ್ನ ಮುಲಾಜಿಲ್ದೆ ಆಫ್. ತಡಕ್ಕೆ ಮಾತ್ರ ಅಲ್ಲ, ಕೈಯಲ್ಲಿ ಬರೆದ ಅನಿಮೇಶನ್‌ಗೆ ಅದು ಎಣ್ಣೆ ಸವರಿದಂಗೆ ಕಾಣತ್ತೆ, ನೋಡೋಕಾಗಲ್ಲ. ಆಮೇಲೆ ಚಿತ್ರ 4:3ರಲ್ಲಿ ಬಂದ್ರೆ ಹಾಗೇ ಬಿಡಿ, ಟಿವಿ ತುಂಬ್ಲಿ ಅಂತ ಎಳೀಬೇಡಿ, ಡರ್ಕ್ ಕುಳ್ಳ ಆಗ್ತಾನೆ. ಕೀಬೋರ್ಡು ಯುಎಸ್‌ಬಿ ವೈರಿಂದು.

ಗೇಮ್ ಸೆಟ್ಟಿಂಗಲ್ಲಿ ಯಾವ ಕಡೆ ಒತ್ತಬೇಕು ಅಂತ ತೋರ್ಸೋ ಆಯ್ಕೆ ಇದೆ, ಮೊದಲು ಅದು ಹಾಕ್ಕೊಂಡೇ ಆಡಿ, ಅವಮಾನ ಏನಿಲ್ಲ. ಕೈ ಕೂತ್ಮೇಲೆ ತೆಗೆದುಬಿಡಿ. ಚಿತ್ರದಲ್ಲೇ ಸುಳಿವು ಇರತ್ತೆ, ಹೋಗಬೇಕಾದ ಬಾಗ್ಲೋ ಹಗ್ಗಾನೋ ಮಿಣಕ್ ಅನ್ನತ್ತೆ.

ಅಂಕಲ್ ಹೇಳಿದ ಆ ಕಪ್ಪು ಪರದೆ ಬೇಕು ಅಂದ್ರೆ ಎಮ್ಯುಲೇಟರ್ ದಾರಿ, ಅಂದ್ರೆ ಹಳೇ ಮೆಷೀನ್ ಥರಾನೇ ನಡ್ಕೊಳ್ಳೋ ಸಾಫ್ಟ್‌ವೇರು. ಲೇಸರ್‌ಡಿಸ್ಕ್ ಗೇಮ್‌ಗಳಿಗೆ ಅಂತಾನೇ ಡ್ಯಾಫ್ನಿ ಅಂತ ಒಂದಿತ್ತು, ಗೇಮಲ್ಲಿರೋ ರಾಜಕುಮಾರಿ ಹೆಸ್ರು ಅದು. ಈಗ ಅದರಿಂದಾನೇ ಕವಲೊಡೆದ ಹಿಪ್ಸಿಯಸ್ ಸಿಂಜ್ ಬಳಸ್ತಾರೆ, ಸಿಂಜ್ ಅಂದ್ರೆ ಡ್ರ್ಯಾಗನ್ ಹೆಸ್ರು, ವಿಂಡೋಸ್ ಲಿನಕ್ಸ್ ಎರಡರಲ್ಲೂ ಓಡತ್ತೆ. ಇದು ಹಳೇ ಬೋರ್ಡಿನ ರಾಮ್‌ನೇ (ROM, ಚಿಪ್ಪಲ್ಲಿ ಬರೆದಿಟ್ಟ ಗೇಮಿನ ಪ್ರೋಗ್ರಾಮು) ಓಡ್ಸತ್ತೆ, ಡಿಸ್ಕಿನ ಬದಲು ವಿಡಿಯೋ ಫೈಲು, ಯಾವ ಫ್ರೇಮ್ ಎಲ್ಲಿ ಅಂತ ಹೇಳೋಕೆ ಒಂದು ಪುಟ್ಟ ಟೆಕ್ಸ್ಟ್ ಫೈಲು. ಹುಡುಕಾಟದ ತಡಾನೂ ಬೇಕಂದ್ರೆ ಸೇರಿಸ್ಕೋಬಹುದು. ಸುಲಭದ್ದು ಬೇಕು ಅಂದ್ರೆ ಡರ್ಕ್‌ಸಿಂಪಲ್, ಅದಕ್ಕೆ ರಾಮ್ ಬೇಡ, ಆಟದ ಲೆಕ್ಕಾನ ಹೊಸದಾಗಿ ಬರೆದಿದ್ದಾರೆ, ವಿಡಿಯೋ ಕೊಟ್ರೆ ಸಾಕು. ರಾಮು ವಿಡಿಯೋ ಎಲ್ಲಿ ಸಿಗತ್ತೆ ಅಂತ ಮಾತ್ರ ಇಲ್ಲಿ ಕೇಳಬೇಡಿ, ಹಕ್ಕು ಇನ್ನೂ ಇದೆ.

ಹುಬ್ಬಳ್ಳಿ_ಗಿರ್ಮಿಟ್:

ಕನ್ನಡಿ ರೂಮಿನ ಸುದ್ದಿ ನನಗ ಗೊತ್ತಿರಲಿಲ್ರಿ. ಅದಕ್ಕ ಆಗ "ಈ ಸಿಡಿ ನನಗ ಸುಳ್ಳ ಹೇಳಾಕತ್ತೈತಿ" ಅಂತ ಅನಿಸಿತ್ತು ನೋಡ್ರಿ. ಆತು, ಇನ್ನೊಮ್ಮೆ ನೋಡೂಣು, ಸೇಲ್ ಬರಲಿ. ಪಿಕ್ಚರ್ ಅಂದಿದ್ದು ಮಾತ್ರ ವಾಪಸ್ ತಗೊಳ್ಳಂಗಿಲ್ಲ.

ಎರಡು_ಕ್ವಾರ್ಟರ್:

ಪಿಕ್ಚರ್ ಅಂದ್ರೂ ತಪ್ಪೇನಿಲ್ಲ, ಆ ಅನಿಮೇಶನ್‌ಗೇ ಹತ್ತು ಲಕ್ಷ ಡಾಲರ್ ದಾಟಿತ್ತು. ದುಡ್ಡು ಸಾಲದೆ ಹೊರಗಿನ ಕಲಾವಿದರನ್ನ ಕರೆಸದೆ ಸ್ಟುಡಿಯೋದವರೇ ಪಾತ್ರಗಳಿಗೆ ದನಿ ಕೊಟ್ರಂತೆ, ಡರ್ಕ್ ಕಿರುಚೋದು ಅಲ್ಲಿನ ಫಿಲ್ಮ್ ಎಡಿಟರ್ದು. ಈಗ ಅದೇ ಮೆಷೀನು ಸ್ಮಿತ್ಸೋನಿಯನ್ ಮ್ಯೂಸಿಯಂ ಸೇರಿದೆ, ಪಾಂಗ್, ಪ್ಯಾಕ್‌ಮ್ಯಾನ್ ಜೊತೆ. ಕಿಟ್ಟಿ ಅವರೇ, ಹಗ್ಗ ದಾಟಿದ್ರಾ?

ಕೀಲಿಮಣೆ_ಕಿಟ್ಟಿ:

ದಾಟಿದೆ ಅಂಕಲ್!! ಗೇಮ್ ಮೋಡ್ ಹಾಕಿ, ಹಳೇ ವೈರ್ ಕೀಬೋರ್ಡ್ ಅಟ್ಟದಿಂದ ಇಳ್ಸಿ ಧೂಳು ಒರೆಸಿ ಹಾಕ್ದೆ, ಎರಡನೇ ಸಲಕ್ಕೇ ಬಲ, ಬಲ, ಬಲ, ಮೂರು ಬೀಪು. ಆಮೇಲೆ ಚಿನ್ನದ ಕೊಡ ಇಟ್ಕೊಂಡಿರೋ ಹಲ್ಲಿ ರಾಜ ಬಂದು ಕತ್ತಿ ಕಿತ್ಕೊಂಡ, ಅಲ್ಲಿ ನನ್ನ ಕಥೆ ಮುಗೀತು.

ಮಗ ಮಾತ್ರ ನೋಟ್‌ಬುಕ್ ತುಂಬ್ಸಿ ನಿನ್ನೆ ರಾತ್ರಿ ಡ್ರ್ಯಾಗನ್ ಗುಹೆ ತನಕ ಹೋದ. ಅದು ಮಲಗಿರತ್ತೆ, ನಿಧಿ ರಾಶಿ ಮಧ್ಯೆ ಪಾತ್ರೆಗಳನ್ನ ಒಂದರ ಮೇಲೊಂದು ಪೇರಿಸಿಟ್ಟಿರತ್ತೆ, ಅದು ವಾಲ್ದಂಗೆಲ್ಲ ಡರ್ಕ್ ಹಿಡೀಬೇಕು, ಸದ್ದಾಗಬಾರ್ದು. ಮಗ ಒಂದು ಹಿಡಿದ, ಎರಡು ಹಿಡಿದ, ಮೂರನೇದು ತಪ್ತು. ಇಡೀ ರಾಶಿ ಢಣಢಣ ಅಂತ ಉರುಳ್ತು, ಟಿವಿ ಸೌಂಡ್ ಬೇರೆ ಜಾಸ್ತಿ ಇತ್ತು. ಡ್ರ್ಯಾಗನ್ ಕಣ್ಣು ಬಿಡೋಕೂ ಮುಂಚೆ ನಮ್ಮನೆಯವ್ರು ರೂಮಿಂದ "ಅಡುಗೆಮನೇಲಿ ಏನ್ರೀ ಬೀಳ್ಸಿದ್ದು, ಇಷ್ಟೊತ್ತಲ್ಲಿ?" ಅಂತ ಎದ್ದು ಬಂದ್ರು. ಇಬ್ರೂ ಟಿವಿ ಆಫ್ ಮಾಡಿ ಮಲ್ಕೊಂಡ್ವಿ.