ಸಹಾಯ ಬೇಕು: ಅಂಗಡಿ ಹುಡುಗರಿಗೆ ಡೇಟಾ ತರಬೇತಿ ಕೊಡುವವರು, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಗೋಕುಲ ರಸ್ತೆಯಲ್ಲಿ ನಮ್ಮದು ಪಂಪ್‌ಸೆಟ್ ಅಂಗಡಿ. ಬಿಲ್ಲೆಲ್ಲಾ ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರ್‌ನಲ್ಲೇ ಇದೆ, ಆದರೆ ಜಿಎಸ್‌ಟಿ ತುಂಬುವುದು ಬಿಟ್ಟರೆ ಬೇರೆ ಉಪಯೋಗವಿಲ್ಲ. ಬೇಸಿಗೆಗೆ ಯಾವ ಮೋಟಾರು ಎಷ್ಟು ತರಿಸಬೇಕು ಅನ್ನುವುದು ಇನ್ನೂ ಅಂದಾಜಿನ ಮೇಲೆಯೇ.

ಅದಕ್ಕಿಂತ ದೊಡ್ಡ ತಲೆನೋವು ಇನ್ನೊಂದು. ನವಲಗುಂದ, ಕುಂದಗೋಳ ಕಡೆಯ ರೈತರ ಹೆಸರು, ಮೊಬೈಲ್ ನಂಬರ್, ಉದ್ರಿ ಬಾಕಿ ಇರುವ ಎಕ್ಸೆಲ್ ಶೀಟು ಹುಡುಗರ ಸ್ವಂತ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. 2023ರ ಡೇಟಾ ರಕ್ಷಣೆ ಕಾಯ್ದೆಯಲ್ಲಿ ದಂಡ 250 ಕೋಟಿ ರೂಪಾಯಿವರೆಗೂ ಇದೆ. ನಮ್ಮಂಥವರಿಗೆ ಅಷ್ಟು ಹಾಕಲಿಕ್ಕಿಲ್ಲ ಬಿಡಿ, ಆದರೂ ಜನರ ಸಾಲದ ಲೆಕ್ಕ ಬೀದಿಗೆ ಬರಬಾರದು ಅಲ್ವಾ?

ನಮ್ಮದೇ ಶೀಟು ಇಟ್ಟುಕೊಂಡು ಪಿವೋಟ್ ಟೇಬಲ್ (ಉದ್ದ ಪಟ್ಟಿಯನ್ನು ಗುಂಪು ಮಾಡಿ ಮೊತ್ತ ತೋರಿಸುವ ಎಕ್ಸೆಲ್ ಸೌಲಭ್ಯ) ಕಲಿಸುವ, ಯಾರಿಗೆ ಯಾವ ಕಾಲಂ ತೋರಿಸಬೇಕು ಅಂತಲೂ ಕನ್ನಡದಲ್ಲಿ ಹೇಳಿಕೊಡುವ ಯಾರಾದರೂ ಇದ್ದಾರಾ? ಸುಮ್ನೆ ಪಿಪಿಟಿ ತೋರಿಸಿ ಸರ್ಟಿಫಿಕೇಟ್ ಹಂಚುವವರು ಬೇಡ. ಭಾನುವಾರವಾದರೆ ಅನುಕೂಲ. ಫೀ ಎಷ್ಟು ಅಂತಲೂ ತಿಳಿಸಿ.