ಅಪ್‌ಡೇಟ್: ಕೊನೆಗೂ ದುಬಾರಿ ಸ್ಯಾಂಡರ್ ತಗೊಂಡೆ

ಮಳೆಗಾಲಕ್ಕೆ ಮುಂಚೆ ನಿಮ್ಮನ್ನೆಲ್ಲ ಕೇಳಿದ್ದೆ. ಸೋಮವಾರಪೇಟೆಯ ಮನೆ ಶೆಡ್ಡಿನಲ್ಲಿ ಮರಗೆಲಸ ಮಾಡುತ್ತೇನೆ, ಹಳೇ ಸ್ಯಾಂಡರ್ (ಮರ ಉಜ್ಜಿ ನುಣುಪು ಮಾಡೋ ಮೆಷಿನ್) ಹಲಗೆ ಮೇಲೆ ಸುರುಳಿ ಸುರುಳಿ ಗೀರು ಬಿಡುತ್ತದೆ, ದುಬಾರಿಯದ್ದು ತಗೊಳ್ಳಲಾ ಅಂತ.

ತಗೊಂಡೆ. ಮಿರ್ಕಾ ಡೀರೋಸ್, 150 ಮಿ.ಮೀ. ಡಿಸ್ಕಿನದು. ಬೆಲೆ ಕೇಳಿ ಅಮ್ಮ, "ಇದರಲ್ಲಿ ಒಂದು ಹಸು ಬರ್ತಿತ್ತಲ್ಲೋ" ಅಂದರು.

ಆದರೆ ಒಂದು ವಿಷಯ ಒಪ್ಪಿಕೊಳ್ಳಬೇಕು. ಮೊದಲು ಧೂಳು ಎಳೆಯೋ ದಾರಿ ನೋಡು ಅಂತ ಒಬ್ಬರು ಹೇಳಿದ್ದರು. ಹೊಸದಕ್ಕೆ ಅಂತ ತಂದ ವ್ಯಾಕ್ಯೂಮ್ ಪೈಪನ್ನು ಸುಮ್ನೆ ಹಳೇ ಮೆಷಿನ್ನಿಗೇ ಸಿಕ್ಕಿಸಿದೆ. ಅರ್ಧಕ್ಕರ್ಧ ಗೀರು ಮಾಯ! ಡಿಸ್ಕಿನ ಅಡಿ ಸಿಕ್ಕಿಕೊಂಡ ಪುಡಿಯೇ ಹಲಗೆಯನ್ನು ಕೆರೆಯುತ್ತಿತ್ತು. ಹೊಟ್ಟೆ ಉರಿಯಿತು, ಅಲ್ವಾ ಮತ್ತೆ?

ಉಳಿದರ್ಧ ನನ್ನ ಸೋಮಾರಿತನ. 80ನೇ ನಂಬರಿನ ಒರಟು ಮರಳು ಕಾಗದದಿಂದ ನೇರ 180ರ ನಯವಾದದ್ದಕ್ಕೆ ಹಾರುತ್ತಿದ್ದೆ. ಈಗ ನಡುವೆ 120 ಹಾಕುತ್ತೇನೆ. ಹಲಗೆ ಮೇಲೆ ಪೆನ್ಸಿಲ್ ಗೆರೆ ಎಳೆದು, ಅದು ಅಳಿಸಿಹೋಗುವ ತನಕ ಉಜ್ಜುತ್ತೇನೆ. ಮೇಲಿಂದ ಒತ್ತುವುದಿಲ್ಲ, ಮೆಷಿನ್ನಿನ ಭಾರವೇ ಸಾಕು.

ಹಾಗಾದರೆ ದುಡ್ಡು ದಂಡವಾ? ಇಲ್ಲ. ಹಳೆಯದರಲ್ಲಿ ಅರ್ಧ ಗಂಟೆಗೇ ಬೆರಳು ಜೋಮು ಹಿಡಿಯುತ್ತಿತ್ತು. ಇದು ಸುಮಾರು 1 ಕೆ.ಜಿ., ಅದುರುವುದೂ ಕಡಿಮೆ. ತೋಟದಲ್ಲಿ ಬಿದ್ದ ಸಿಲ್ವರ್ ಓಕ್‌ನ ಊಟದ ಮೇಜನ್ನು ಒಂದೇ ಮಧ್ಯಾಹ್ನಕ್ಕೆ ಮುಗಿಸಿದೆ.

ಬೀಟೆ ತುಂಡು ಒಂದಿದೆ. ಅದರ ಧೂಳು ಮೈಗೆ ಆಗುವುದಿಲ್ಲ, ಮಾಸ್ಕ್ ಬಂದ ಮೇಲೆ ಮುಟ್ಟುತ್ತೇನೆ. ಸದ್ಯಕ್ಕೆ ಕರೆಂಟೂ ಇಲ್ಲ.